ಮೇಜು ಬಿಟ್ಟು ಕದಲದ ಲ್ಯಾಪ್‌ಟಾಪ್ ಮಹಾಶಯರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀಯುತ ಗೇಮಿಂಗ್ ಲ್ಯಾಪ್‌ಟಾಪ್ ಅವರು,
ಷೋರೂಮಿನ ಗಾಜಿನ ಕಪಾಟು, ಮಂಡ್ಯ.

ಮಾನ್ಯರೇ,

ವಿಷಯ: ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ತಾವು ಡೆಸ್ಕ್‌ಟಾಪಿನವರ ಹೆಸರಿಟ್ಟುಕೊಂಡು ಓಡಾಡುತ್ತಿರುವ ಬಗ್ಗೆ.

ಮಂಡ್ಯದಲ್ಲಿ ಎಂಜಿನಿಯರಿಂಗ್ ಓದು ಹೊಸದೇನಲ್ಲ. ಕೆ.ವಿ. ಶಂಕರಗೌಡರ ಮುಂದಾಳತ್ವದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1962ರಲ್ಲಿ. ಆಗ ಹುಡುಗರ ಕೈಯಲ್ಲಿದ್ದದ್ದು ಡ್ರಾಯಿಂಗ್ ಬೋರ್ಡು. ಈಗ ಸೀಟು ಸಿಕ್ಕ ಮರುದಿನವೇ ತಮ್ಮ ದರ್ಶನಕ್ಕೆ ಅಪ್ಪ, ಮಗ, ಜೊತೆಗೊಬ್ಬ ‘ಕಂಪ್ಯೂಟರ್ ಗೊತ್ತಿರೋ’ ಚಿಕ್ಕಪ್ಪ ಬರುತ್ತಾರೆ. “ಕಾಲೇಜಿಗೆ ತಗೊಂಡು ಹೋಗ್ಬೇಕಲ್ಲಪ್ಪಾ” ಎಂಬ ಒಂದೇ ಮಾತಿಗೆ ಲಕ್ಷ ದಾಟಿದ ಬಿಲ್ಲಿಗೆ ರುಜು ಬೀಳುತ್ತದೆ.

ಮುಂದಿನದು ಊರಿಗೆಲ್ಲ ಗೊತ್ತು. ಮೊದಲ ಕೆಲವು ವಾರ ತಾವು ಚೀಲದಲ್ಲಿ, ಆಮೇಲೆ ಮೇಜಿನ ಮೇಲೆ. ಅಡಿಯಲ್ಲಿ ಫ್ಯಾನಿನ ಸ್ಟ್ಯಾಂಡ್, ಪಕ್ಕದಲ್ಲಿ ಬೇರೆ ಕೀಬೋರ್ಡು, ಮೌಸು, ಎದುರಿಗೆ ದೊಡ್ಡ ಮಾನಿಟರ್, ಹಿಂದೆ ಸದಾ ಚುಚ್ಚಿಕೊಂಡಿರುವ ಚಾರ್ಜರ್. ಡೆಸ್ಕ್‌ಟಾಪಿನ ಪರಿವಾರವೆಲ್ಲ ಬಂದು ಕೂತಿರುತ್ತದೆ, ಡೆಸ್ಕ್‌ಟಾಪ್ ಒಂದನ್ನು ಬಿಟ್ಟು.

ಹೆಸರಿನ ವಿಚಾರಕ್ಕೆ ಬರೋಣ. ತಮ್ಮ ಮೈಮೇಲೆ ‘ಆರ್‌ಟಿಎಕ್ಸ್ 4070’ ಎಂಬ ಚೀಟಿ. ಪೆಟ್ಟಿಗೆಯಲ್ಲಿ ಕೂತ ಡೆಸ್ಕ್‌ಟಾಪ್ ಗ್ರಾಫಿಕ್ಸ್ ಕಾರ್ಡಿಗೂ ಅದೇ ಹೆಸರು. ಅದರಲ್ಲಿ 5888 ಕುಡಾ (CUDA) ಕೋರ್, 12 ಜಿಬಿ ಮೆಮೊರಿ. ತಮ್ಮಲ್ಲಿ 4608 ಕೋರ್, 8 ಜಿಬಿ. ಅದು 200 ವ್ಯಾಟ್ ಉಣ್ಣುತ್ತದೆ. ತಮಗೆಷ್ಟು ಬಡಿಸಬೇಕೆಂಬುದು ಕಂಪನಿಯ ಮರ್ಜಿ: 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ, ಒಂದೊಂದು ಮಾಡೆಲಿಗೆ ಒಂದೊಂದು ಲೆಕ್ಕ. ಹೆದ್ದಾರಿಯ ಅಂಗಡಿ ಅಂಗಡಿಯಲ್ಲೂ ‘ಮದ್ದೂರು ವಡೆ’ ಎಂದು ಬೋರ್ಡಿರುತ್ತದೆ. ಆದರೆ ಮದ್ದೂರಿನವರು ಬೋರ್ಡು ನೋಡಿ ವಡೆ ಕೊಳ್ಳುವುದಿಲ್ಲ, ಮುರಿದು ನೋಡಿ ಕೊಳ್ಳುತ್ತಾರೆ. ತಮ್ಮನ್ನು ಮುರಿದು ನೋಡಲು ಷೋರೂಮಿನವರು ಬಿಡುವುದಿಲ್ಲವಲ್ಲ, ಅದೇ ತಮ್ಮ ಧೈರ್ಯ.

ತಮ್ಮ ಅಣ್ಣ 4090 ಅವರ ಕಥೆ ಇನ್ನೂ ಸೊಗಸು. ಡೆಸ್ಕ್‌ಟಾಪಿನಲ್ಲಿ 16384 ಕೋರ್, 24 ಜಿಬಿ. ಲ್ಯಾಪ್‌ಟಾಪಿನಲ್ಲಿ 9728 ಕೋರ್, 16 ಜಿಬಿ. ಒಳಗಿರುವ ಚಿಪ್ಪೇ ಬೇರೆ. ಎಷ್ಟು ವ್ಯಾಟ್ ಕೊಟ್ಟಿದ್ದೀರಿ ಎಂಬುದನ್ನು ಗ್ರಾಹಕರಿಗೆ ತಿಳಿಸಿ ಎಂದು ಈ ಚಿಪ್ಪುಗಳ ಕಂಪನಿ ಎನ್‌ವಿಡಿಯಾ 2021ರಲ್ಲೇ ಲ್ಯಾಪ್‌ಟಾಪ್ ಕಂಪನಿಗಳಿಗೆ ಹೇಳಿತ್ತು. ಆ ಅಂಕಿ ಕಪಾಟಿನ ಬೆಲೆಚೀಟಿಯವರೆಗೆ ಇಳಿದು ಬಂದದ್ದು ಅಪರೂಪ.

ಇನ್ನು ತಮ್ಮ ಜ್ವರದ ವಿಷಯ. ಒಳಗಿನ ಪ್ರೊಸೆಸರ್ ನೂರು ಡಿಗ್ರಿಯ ಆಸುಪಾಸಿಗೆ ಬಂದರೆ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಬೇಸಿಗೆಯ ಮಂಡ್ಯದಲ್ಲಿ, ಆಲೆಮನೆ ಹೊಗೆ, ಕಬ್ಬಿನ ತರಗು ಸುಟ್ಟ ಬೂದಿ ತೇಲಿಬರುವ ಊರುಗಳಲ್ಲಿ, ತಮ್ಮ ಸಣ್ಣ ಫ್ಯಾನುಗಳು ಅರ್ಧ ಗಂಟೆ ರೆಂಡರ್ ಮಾಡುವಷ್ಟರಲ್ಲಿ ಕೂಗಾಡಿ ಸುಸ್ತಾಗುತ್ತವೆ. ಡೆಸ್ಕ್‌ಟಾಪಿಗೆ ಬೂದಿ ಬೀಳುವುದಿಲ್ಲವೇ? ಬೀಳುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿ ಬ್ಲೋವರ್ ಹಿಡಿದರೆ ಹೋಗುತ್ತದೆ.

ಅಸಲಿಗೆ ಇಷ್ಟೆಲ್ಲ ಶಕ್ತಿ ಯಾರಿಗೆ ಬೇಕು? ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರಿಗೆ ಬೇಡ. ನುಡಿ ಅಕ್ಷರ ಇಟ್ಟುಕೊಂಡು 2001ರ ಪೇಜ್‌ಮೇಕರ್ 7ರಲ್ಲಿ ಪುಟ ಕಟ್ಟುವವರಿಗೆ ಹಳೆಯ ಪೆಟ್ಟಿಗೆಯೇ ಸಾಕು. ಮನೆ ಪ್ಲಾನ್ ಬರೆಯುವ ಸಿವಿಲ್ ಎಂಜಿನಿಯರಿಗೂ ಅಷ್ಟಾಗಿ ಬೇಡ. ಆಟೊಕ್ಯಾಡ್ ಬಹುಪಾಲು ಕೆಲಸವನ್ನು ಒಂದೇ ಕೋರ್‌ನಲ್ಲಿ ಮುಗಿಸುತ್ತದೆ, ಉಳಿದವು ಜಮೀನಿನ ಬದುವಿನ ಮೇಲೆ ಕೂತಿರುತ್ತವೆ. ನಿಜವಾಗಿ ಬೇಕಾದದ್ದು ಮದುವೆ ವಿಡಿಯೊದವರಿಗೆ. ಎರಡು ದಿನದ ಮದುವೆ, ಮೂರು ಕ್ಯಾಮೆರಾ, ಮೇಲೊಂದು ಡ್ರೋನ್, ಎಲ್ಲ 4ಕೆ. ಆ ಕೆಲಸ ನಡೆಯುವುದು ಸ್ಟುಡಿಯೊದ ಒಳಕೋಣೆಯಲ್ಲಿ, ರಾತ್ರಿಯಿಡೀ, ಒಂದೇ ಮೇಜಿನ ಮೇಲೆ. ಅಲ್ಲಿ ತಮ್ಮ ಚೀಲಕ್ಕೇನು ಕೆಲಸ?

ನ್ಯಾಯವಾಗಿ ಒಂದು ಮಾತು ತಮ್ಮ ಪರವಾಗಿಯೂ ಇದೆ. ಕರೆಂಟು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅದೇ ತಾಲ್ಲೂಕಿನಲ್ಲಿ ಈಗ ಮಳೆಗಾಳಿ ಬಂತೆಂದರೆ ಜನ ಮೊದಲು ಒತ್ತುವುದು ಸೇವ್ ಬಟನ್. ಅಂಗಡಿಯವರು ಸೇರಿಸಿಕೊಡುವ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ಭಾರಿ ಕಾರ್ಡಿರುವ ಡೆಸ್ಕ್‌ಟಾಪನ್ನು ಅದಕ್ಕೆ ಕಟ್ಟಿದರೆ ಕಿರುಚಿ ಮಲಗುತ್ತದೆ. ಡೆಸ್ಕ್‌ಟಾಪ್ ಕೊಳ್ಳುವವರು ಒಳ್ಳೆಯ ಯುಪಿಎಸ್‌ನ ಹಣವನ್ನೂ ಲೆಕ್ಕಕ್ಕೆ ಸೇರಿಸಬೇಕು, ತಪ್ಪಿಸುವಂತಿಲ್ಲ. ತಾವಾದರೋ ಬ್ಯಾಟರಿಯಲ್ಲಿ ಬದುಕಿರುತ್ತೀರಿ, ಶಕ್ತಿ ಮಾತ್ರ ಇರುವುದಿಲ್ಲ. ವಿಮಾನದೊಳಗೆ ಸಲೀಸಾಗಿ ಒಯ್ಯಲು ಬ್ಯಾಟರಿ 100 ವ್ಯಾಟ್-ಅವರ್ ಮೀರಬಾರದೆಂಬ ನಿಯಮವಿರುವುದರಿಂದ ಕಂಪನಿಗಳು ಅದರೊಳಗೇ ನಿಲ್ಲುತ್ತವೆ. ಮಳವಳ್ಳಿಗೆ ರೈಲೇ ಇಲ್ಲ. ಆದರೂ ಅಲ್ಲಿನ ಹುಡುಗ ವಿಮಾನದ ನಿಯಮಕ್ಕೆ ತಲೆಬಾಗಬೇಕು. 90 ವ್ಯಾಟ್-ಅವರ್ ಬ್ಯಾಟರಿಯಿಂದ 180 ವ್ಯಾಟ್ ಎಳೆದರೆ ಎಷ್ಟು ಹೊತ್ತು ಬಂದೀತು? ಅರ್ಧ ಗಂಟೆ.

ಮಂಡ್ಯ, ಮದ್ದೂರಿನಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರಿಗೆ ಲ್ಯಾಪ್‌ಟಾಪ್ ಬೇಕೇ ಬೇಕು. ಆದರೆ ಕಾಲಿಡಲು ಜಾಗವಿಲ್ಲದ ಬೋಗಿಯಲ್ಲಿ ತಮ್ಮ ಎರಡೂವರೆ ಕಿಲೋ ದೇಹ, ಜೊತೆಗೆ ಇಟ್ಟಿಗೆ ಗಾತ್ರದ ಚಾರ್ಜರನ್ನು ಹೊರುವ ಪುಣ್ಯಾತ್ಮ ಯಾರು? ಅವರಿಗೆ ಬೇಕಾದದ್ದು ತಮ್ಮ ತೆಳ್ಳಗಿನ, ಬಡ ದಾಯಾದಿ. ಮನೆಯಲ್ಲೊಂದು ಗಟ್ಟಿ ಡೆಸ್ಕ್‌ಟಾಪ್, ಕೈಯಲ್ಲೊಂದು ಹಗುರ ಲ್ಯಾಪ್‌ಟಾಪ್: ಎರಡೂ ಸೇರಿ ಎಷ್ಟೋ ಸಲ ತಮ್ಮೊಬ್ಬರ ಬೆಲೆಯೊಳಗೇ ಮುಗಿಯುತ್ತವೆ.

ಮುಪ್ಪಿನ ಮಾತೂ ಇದೆ. ಡೆಸ್ಕ್‌ಟಾಪಿಗೆಂದು ಎಎಮ್‌ಡಿಯ ಎಎಮ್4 ಬೋರ್ಡನ್ನು 2017ರಲ್ಲಿ ಕೊಂಡವರಲ್ಲಿ ಅನೇಕರು ಬಯಾಸ್ ಬದಲಿಸಿ 2022ರ ಪ್ರೊಸೆಸರ್ ಕೂರಿಸಿದರು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಿಡಿಭಾಗ ತಂದರೆ ಪೆಟ್ಟಿಗೆಗೆ ಮತ್ತೆ ಪ್ರಾಯ. ತಮ್ಮ ಪ್ರೊಸೆಸರ್, ಗ್ರಾಫಿಕ್ಸ್ ಎರಡನ್ನೂ ಬೋರ್ಡಿಗೆ ಬೆಸೆದಿರುತ್ತಾರೆ. ಒಂದು ಕೆಟ್ಟರೆ ಇಡೀ ಬೋರ್ಡೇ ಹೋಗಬೇಕು.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ: ಮೈಮೇಲಿನ ಮಿಣುಕು ದೀಪ ಆರಿಸಿ, ಆ ಜಾಗದಲ್ಲಿ ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವ್ಯಾಟ್ ಕೊಟ್ಟಿದೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಸಿಕೊಳ್ಳಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮೇಜಿನ ಕೆಳಗಿನ ಪೆಟ್ಟಿಗೆಯ ಪರವಾಗಿ.

ಪ್ರತಿ: ಮೂರೂ ತಾಲ್ಲೂಕಿನ ಪೋಷಕರಿಗೆ. ಬಿಲ್ ಹಾಕಿಸುವ ಮುಂಚೆ “ಎಷ್ಟು ವ್ಯಾಟು, ಎಷ್ಟು ಜಿಬಿ, ರ್‍ಯಾಮ್ ಬಿಚ್ಚಬಹುದಾ?” ಎಂದು ಕೇಳಿ. ಉತ್ತರ ಬಾರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ ಬುಡಿ.