ಸತ್ತ ಪೈಲವಾನರ ತೂಕ

ಅಲಖನೂರಿನಲ್ಲಿ ಸತ್ತ ಪೈಲವಾನರಿಗೆ ವರ್ಷದಿಂದ ವರ್ಷಕ್ಕೆ ಮೈ ಬರುತ್ತದೆ. ಬದುಕಿದ್ದಾಗ ಎಪ್ಪತ್ತೈದು ಕಿಲೋ ಇದ್ದವನು ಮಣ್ಣಾದ ದಿನವೇ ತೊಂಬತ್ತಾಗುತ್ತಾನೆ, ವರ್ಷದ ತಿಥಿಗೆ ನೂರು ಮುಟ್ಟುತ್ತಾನೆ, ಹತ್ತು ಜಾತ್ರೆ ಕಳೆಯುವಷ್ಟರಲ್ಲಿ ನೂರಾ ಮೂವತ್ತಕ್ಕೆ ಹೋಗಿ ನಿಲ್ಲುತ್ತಾನೆ. ಖುರಾಕೂ ಹಾಗೆಯೇ. ಎರಡು ತಂಬಿಗೆ ಹಾಲು ಕುಡಿಯುತ್ತಿದ್ದವನು ಈಗ ಒಂದು ಕೊಡ ಕುಡಿಯುತ್ತಿದ್ದನಂತೆ. ಹೀಗೇ ಬಿಟ್ಟರೆ ಇನ್ನು ಕೆಲವೇ ವರ್ಷಗಳಲ್ಲಿ ಹಾಲಿನ ಗೊಡವೆ ಬಿಟ್ಟು ಎಮ್ಮೆಯನ್ನೇ ಕುಡಿದುಬಿಡುತ್ತಾನೆ.

ಈ ತೂಕದ ಕಟ್ಟೆ ಇರುವುದು ಹನಮಪ್ಪನ ಗುಡಿಯ ಮುಂದೆ. ಸಂಜೆ ಹೊತ್ತಿಗೆ ಕೂಡುವವರು ಒಬ್ಬ ಮುತ್ಯಾ, ಒಬ್ಬ ಕಾಕಾ, ಪಂಚಾಯತಿಯ ಒಬ್ಬ ಮಾಜಿ ಮೆಂಬರ, ಪೆನ್ಶನ್ ತಗೊಂಡ ಒಬ್ಬ ಮಾಸ್ತರ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಾರದ ತಿಂಗಳುಗಳಲ್ಲಿ ಪೈಲವಾನರು ಬೇಗ ಬೇಗ ದಪ್ಪಗಾಗುತ್ತಾರೆ. ಬಿಲ್ಲು ಜಮಾ ಆದ ವಾರ ಮಾತು ಟ್ರ್ಯಾಕ್ಟರಿನ ಮೇಲೆ ಹೊರಳುತ್ತದೆ, ಪೈಲವಾನರಿಗೆ ಸ್ವಲ್ಪ ಬಿಡುವು.

"ಈಗಿನ ಹುಡುಗೂರದ್ದ ಅದೇನ ಕುಸ್ತಿ ತಮ್ಮಾ? ಗಾದಿ ಮ್ಯಾಲ ಉಳ್ಳಾಡತಾವ, ಸೀಟಿ ಊದಿದ ಕೂಡಲೆ ಎದ್ದ ನಿಂದರತಾವ," ಎನ್ನುತ್ತಾನೆ ಮುತ್ಯಾ.

"ಆಗಿನಾವ್ರು ಹಿಡದ್ರಂದ್ರ ಎಲಬ ಕಟ್ ಅಂತಿತ್ತು," ಎನ್ನುತ್ತಾನೆ ಕಾಕಾ. "ನಾ ಕಣ್ಣಾರೆ ಕಂಡೀನಿ."

ಈ ಕಟ್ಟೆಯ ಇತಿಹಾಸದಲ್ಲಿ ಮುರಿದ ಎಲುಬುಗಳ ಲೆಕ್ಕ ತೆಗೆದರೆ ರಾಯಬಾಗ ತಾಲೂಕಿನಲ್ಲಿ ನೆಟ್ಟಗೆ ನಡೆಯುವ ಮನುಷ್ಯನೇ ಉಳಿದಿರಬಾರದು. ಮುರಿದದ್ದು ಎಂದೂ ಕಟ್ಟೆಯ ಮೇಲೆ ಕೂತವರ ಎಲುಬಲ್ಲ ಎಂಬುದನ್ನೂ ಗಮನಿಸಬೇಕು. ಇವರ ಮೊಣಕಾಲು ನೋಯುವುದು ಕೂತು ಕೂತು.

ಹಾಗೆಂದು ಇಲ್ಲಿ ಹೆಮ್ಮೆ ಪಡಲು ಕಾರಣವಿಲ್ಲವೆಂದಲ್ಲ. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಕುಸ್ತಿಗಾಗಿಯೇ ಖಾಸಬಾಗ ಮೈದಾನ ಕಟ್ಟಿಸಿದರು. 1912ರಲ್ಲಿ ತೆರೆದ ಆ ಮೈದಾನದಲ್ಲಿ ನೆಲವನ್ನು ಸುತ್ತಲೂ ಇಳಿಜಾರು ಮಾಡಿ, ಯಾವ ಮೂಲೆಯಲ್ಲಿ ಕೂತರೂ ನಡುವಿನ ಕೆಂಪು ಮಣ್ಣು ಕಾಣುವಂತೆ ಮಾಡಿದ್ದಾರೆ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಹುಡುಗರು ಮೈಯಲ್ಲಿ ಕಸುವು, ಮನೆಯಲ್ಲಿ ಎಮ್ಮೆ ಎರಡೂ ಇದ್ದರೆ ಗಂಟು ಕಟ್ಟಿಕೊಂಡು ಹೋಗಿ ಬೀಳುತ್ತಿದ್ದದ್ದು ಅಲ್ಲಿಯ ತಾಲೀಮುಗಳಲ್ಲಿ. ಚಿಕ್ಕೋಡಿ ತಾಲೂಕಿನ ಎಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಹಾಗೆ ಹೋದವರು. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗನನ್ನು ಕೆಡವಿ ಹಿಂದ್ ಕೇಸರಿಯಾದರು. ಊರು ಮೈಸೂರು ರಾಜ್ಯದಲ್ಲಿ, ತಾಲೀಮು ಮುಂಬಯಿ ರಾಜ್ಯದಲ್ಲಿ, ಗೆದ್ದದ್ದು ದಿಲ್ಲಿಯಲ್ಲಿ. 2020ರ ಡಿಸೆಂಬರಿನಲ್ಲಿ ಕೊಲ್ಲಾಪುರದಲ್ಲಿ ಅವರು ತೀರಿಕೊಂಡಾಗ ಗಡಿಯ ಎರಡೂ ಕಡೆಯವರು ನಮ್ಮವರು ನಮ್ಮವರು ಎಂದರು. ಪೈಲವಾನ ಯಾವ ರಾಜ್ಯದವನು ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದು ಅವನಿಗೆ ಊಟ ಹಾಕುವ ಕಾಲ ಮುಗಿದ ಮೇಲೆ.

ಕಟ್ಟೆಗೆ ಖಂಚನಾಳೆ ಒಪ್ಪಿಗೆ. ಎತ್ತರ, ಮೈಕಟ್ಟು, ಮೀಸೆ ಎಲ್ಲ ಸರಿಯಾಗಿದೆ. ತೊಡಕು ಬರುವುದು ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರ ಹೆಸರು ತೆಗೆದಾಗ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದವರು, ಸ್ವತಂತ್ರ ಭಾರತಕ್ಕೆ ಒಬ್ಬಂಟಿ ಆಟಗಾರನೊಬ್ಬ ತಂದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ಅದರ ಮುಂದಿನದಕ್ಕೆ 1996ರ ತನಕ ಕಾಯಬೇಕಾಯಿತು. ಜಾಧವರು ಆಡಿದ್ದು 57 ಕಿಲೋ ವರ್ಗದಲ್ಲಿ.

"ಎಷ್ಟ?" ಎಂದು ಕಾಕಾ ಕಿವಿಗೆ ಕೈ ಹಚ್ಚಿದ.

"ಐವತ್ತೇಳು," ಎಂದರು ಮಾಸ್ತರು.

"ಅದ ಗೊಬ್ಬರ ಚೀಲ ಆತಲ್ರೀ."

ಗೊಬ್ಬರ ಚೀಲದ ಕಥೆ ಮುಂದೆ ಹೀಗಿದೆ. 1948ರ ಲಂಡನ್ನಿಗೆ ಕೊಲ್ಲಾಪುರದ ಮಹಾರಾಜರು ದುಡ್ಡು ಕೊಟ್ಟರು. 1952ಕ್ಕೆ ಸರ್ಕಾರದ ಕೈ ಬಿಗಿಯಾಗಿತ್ತು. ಪೈಲವಾನ ಊರೂರು ಅಲೆದು ಪಟ್ಟಿ ಎತ್ತಬೇಕಾಯಿತು. ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರು ಖರ್ಡೀಕರ, ತಮ್ಮ ಮನೆ ಒತ್ತೆ ಇಟ್ಟು ಏಳು ಸಾವಿರ ರೂಪಾಯಿ ಕೊಟ್ಟರು. ಹೆಲ್ಸಿಂಕಿಯಲ್ಲಿ ಜಪಾನಿನ ಇಶಿಯ ಜೊತೆ ದೀರ್ಘ ಕುಸ್ತಿ ಮುಗಿಸಿ ಏದುಸಿರು ಬಿಡುತ್ತಿದ್ದವರನ್ನು ಕೂಡಲೇ ಸೋವಿಯತ್ ಪೈಲವಾನನ ಎದುರು ನಿಲ್ಲಿಸಿದರು. ನಡುವೆ ಅರ್ಧ ತಾಸು ಬಿಡುವು ಕೊಡಬೇಕೆಂಬ ನಿಯಮವಿತ್ತು. ಅದನ್ನು ಎತ್ತಿ ಹೇಳಲು ಭಾರತದ ಅಧಿಕಾರಿ ಒಬ್ಬರೂ ಅಲ್ಲಿರಲಿಲ್ಲ. ಪದಕ ತಂದ ಮೇಲೆ ಮಾತ್ರ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆಯಾಯಿತು. ಆಮೇಲೆ ಪೊಲೀಸ್ ನೌಕರಿ, 1984ರಲ್ಲಿ ರಸ್ತೆ ಅಪಘಾತದಲ್ಲಿ ಸಾವು, ಸತ್ತು ಹದಿನೈದು ವರ್ಷ ದಾಟಿದ ಮೇಲೆ ಅರ್ಜುನ ಪ್ರಶಸ್ತಿ.

ಇದರಲ್ಲಿ ಎಲ್ಲೂ ಎಲುಬು ಕಟ್ ಅನ್ನುವುದಿಲ್ಲವಾದ್ದರಿಂದ ಕಟ್ಟೆ ಆಕಳಿಸಿತು. ಮನೆ ಒತ್ತೆ ಇಟ್ಟ ಪ್ರಿನ್ಸಿಪಾಲರ ಬಗ್ಗೆ ಮಾಜಿ ಮೆಂಬರ ಒಂದೇ ಒಂದು ಪ್ರಶ್ನೆ ಕೇಳಿದ: "ಬಡ್ಡಿ ಎಷ್ಟಿತ್ತಂತ?"

ಗಾಮಾ ಪೈಲವಾನನ ಕಥೆಯೂ ಇವರಿಗೆ ಅರ್ಧವೇ ಬೇಕು. 1928ರಲ್ಲಿ ಪಟಿಯಾಲಾದಲ್ಲಿ ಪೋಲೆಂಡಿನ ಝಬಿಸ್ಕೋನನ್ನು ಒಂದು ನಿಮಿಷದೊಳಗೆ ಕೆಡವಿದ್ದು ನಮ್ಮೂರ ಮಕ್ಕಳಿಗೂ ಬಾಯಿಪಾಠ. ಅದೇ ಇಬ್ಬರೂ 1910ರಲ್ಲಿ ಲಂಡನ್ನಿನಲ್ಲಿ ಹಿಡಿದಾಗ ಎರಡೂವರೆ ತಾಸಿಗೂ ಮಿಕ್ಕಿ ನಡೆದು ಕುಸ್ತಿ ಬರೋಬರಿ ಆಯಿತು. ಝಬಿಸ್ಕೋ ಅಷ್ಟು ಹೊತ್ತಿನಲ್ಲಿ ಬಹುಪಾಲು ಬೋರಲು ಬಿದ್ದುಕೊಂಡೇ ಇದ್ದ. ಅಂದರೆ ಗಾದಿ ಮೇಲೆ ಉಳ್ಳಾಡುವ ವಿದ್ಯೆ ಈಗಿನ ಹುಡುಗರ ಕಂಡುಹಿಡಿಕೆ ಅಲ್ಲ, ನೂರು ವರ್ಷಕ್ಕಿಂತ ಹಳೆಯದು. ಅವತ್ತು ಟಿಕೆಟ್ ಕೊಟ್ಟು ಒಳಗೆ ಹೋದ ಲಂಡನ್ನಿನ ಕಾಕಾಗಳು ಏನು ಅಂದುಕೊಂಡಿರಬಹುದು? ಈಗಿನ ಪೈಲವಾನರಲ್ಲಿ ದಮ್ಮಿಲ್ಲ, ಹಿಂದಿನವರನ್ನು ನೋಡಬೇಕಿತ್ತು ಎಂದೇ ಅಂದಿರುತ್ತಾರೆ.

ಕಾಕಾಗಳು ಎಲ್ಲ ಕಡೆಯೂ ಇದ್ದಾರೆ. ಅಮೆರಿಕದ ಕಾಲೇಜುಗಳಲ್ಲಿ ಐಸ್ ಹಾಕಿ ಎಂಬ ಆಟವಿದೆ. ಮಂಜುಗಡ್ಡೆಯ ಮೇಲೆ ಜಾರುತ್ತ ಒಬ್ಬರನ್ನೊಬ್ಬರು ಗೋಡೆಗೆ ಅಪ್ಪಳಿಸುವುದು ಆ ಆಟದಲ್ಲಿ ನಿಯಮದೊಳಗಿನ ಕೆಲಸ. ಅಲ್ಲಿ ಈಗ ಮುಖ ಪೂರ್ತಿ ಮುಚ್ಚುವ ಜಾಳಿಗೆ ಹಾಕದೆ ಕಣಕ್ಕಿಳಿಯುವಂತಿಲ್ಲ, ಕೈಕೈ ಮಿಲಾಯಿಸಿದವನನ್ನು ಹೊರಗೆ ಹಾಕಿ ಮುಂದಿನ ಪಂದ್ಯಕ್ಕೂ ಸೇರಿಸುವುದಿಲ್ಲ. ಆ ಕಾಲೇಜುಗಳ ಹಳೇ ವಿದ್ಯಾರ್ಥಿಗಳು ಬಿಯರಿನ ಗ್ಲಾಸು ಹಿಡಿದು ನಿಟ್ಟುಸಿರು ಬಿಡುತ್ತಾರೆ: ನಮ್ಮ ಕಾಲದಲ್ಲಿ ಅವನೊಬ್ಬ ಇದ್ದ, ಎದುರಿಗೆ ಬಂದವನ ಹಲ್ಲು ಉದುರಿಸುತ್ತಿದ್ದ. ಉದುರಿದ ಹಲ್ಲಿನವನು ಆಮೇಲೆ ಏನು ತಿಂದ ಎಂದು ಅಲ್ಲಿಯೂ ಯಾರೂ ಕೇಳಿದಂತಿಲ್ಲ. ಅಲಖನೂರಿನ ಕಟ್ಟೆಯನ್ನು ಎತ್ತಿ ಅಲ್ಲಿಟ್ಟರೆ ನಮ್ಮ ಮುತ್ಯಾನಿಗೆ ಕಷ್ಟವಾಗುವುದು ಚಳಿ ಒಂದೇ.

ಮಾತಿನ ಮಾತು ಬಿಟ್ಟು ನಿಜವಾದ ಕುಸ್ತಿಗೆ ಬರೋಣ. ಜಾತ್ರೆ ಬಂತೆಂದರೆ "ಜಂಗೀ ನಿಕಾಲಿ ಕುಸ್ತಿಗಳು" ಎಂಬ ಬ್ಯಾನರ್ ಏಳುತ್ತದೆ. ಮೇಲ್ಗಡೆ ದೇವರು, ಕೆಳಗೆ ಸ್ವಾಮಿಗಳು, ಅವರ ಕೆಳಗೆ ಎಂಪಿ, ಎಮ್ಮೆಲ್ಲೆ, ಎಮ್ಮೆಲ್ಲೆಯ ಮಗ, ಸಕ್ಕರೆ ಕಾರ್ಖಾನೆಯ ಡೈರೆಕ್ಟರುಗಳು, ಮುಂದಿನ ಸಲ ನಿಲ್ಲಬೇಕೆಂದಿರುವವರು, ಇವರಿಗೆಲ್ಲ ಶುಭ ಕೋರುವ ಹುಡುಗರು ಕಪ್ಪು ಕನ್ನಡಕ ಹಾಕಿಕೊಂಡು. ಎಲ್ಲಕ್ಕಿಂತ ಕೆಳಗೆ, ಬ್ಯಾನರು ಬಿದಿರಿಗೆ ಕಟ್ಟುವ ಹಗ್ಗದ ಸಮೀಪ, ಆ ದಿನ ನಿಜವಾಗಿ ಹಿಡಿಯುವ ಇಬ್ಬರು ಪೈಲವಾನರ ಮುಖ. ಪಾಸ್‌ಪೋರ್ಟ್ ಸೈಜು. ಹಲಗಿ ಬಾರಿಸುತ್ತಾರೆ, ಮಣ್ಣಿಗೆ ಅರಿಷಿಣ, ಮಜ್ಜಿಗೆ, ಎಣ್ಣೆ ಬಿದ್ದಿರುತ್ತದೆ, ಹುಡುಗರ ತೆಂಗಿನಕಾಯಿ ಕುಸ್ತಿ ಮುಗಿದಿರುತ್ತದೆ. ಆಗ ಸಾಹೇಬರ ಗಾಡಿ ಬರುತ್ತದೆ. ಫೇಟಾ ಸುತ್ತುವ ಕಾರ್ಯಕ್ರಮ ಶುರುವಾಗುತ್ತದೆ. ಲಂಗೋಟ ಬಿಗಿದು ನಿಂತ ಪೈಲವಾನ ಅಲ್ಲೇ ನಿಂತು ಬೆವರು ಒಣಗಿಸಿಕೊಳ್ಳುತ್ತಾನೆ. ಒಂದು ನಿಜ ಒಪ್ಪಬೇಕು: ಹಿಂದಿನ ಪೈಲವಾನರು ಇದನ್ನು ಎದುರಿಸಿರಲಿಲ್ಲ. ಮೂವತ್ತು ಫೇಟಾ, ಹನ್ನೆರಡು ಭಾಷಣ ತಡೆದುಕೊಂಡು ಆಮೇಲೆ ಢಾಕ ಡಾವು ಹಾಕುವ ಶಕ್ತಿ ಈಗಿನ ಹುಡುಗರಿಗೇ ಬಂದದ್ದು.

ಕಟ್ಟೆಯವರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಇಪ್ಪತ್ತು ನಿಮಿಷ ಯಾರೂ ಬೀಳದಿದ್ದರೆ "ಒಳಒಪ್ಪಂದ" ಎನ್ನುತ್ತಾರೆ. ಎರಡೇ ನಿಮಿಷಕ್ಕೆ ಒಬ್ಬ ಚಿತ್ ಆದರೆ ಅದಕ್ಕೂ "ಒಳಒಪ್ಪಂದ" ಎನ್ನುತ್ತಾರೆ. ಯಾರಾದರೂ ಭುಜ ಹಿಡಿದುಕೊಂಡು ಕೂತಾಗ ಮಾತ್ರ ಮುಖದಲ್ಲಿ ತೃಪ್ತಿ ಕಾಣುತ್ತದೆ.

"ಮುತ್ಯಾ, ನಿನ್ನ ಮೊಮ್ಮಗನ್ನ ತಾಲೀಮಕ ಕಳಸಲ್ಲೇನು?" ಎಂದು ಯಾರೋ ಕೇಳಿದ್ದರು.

"ಅಂವಾ ಧಾರವಾಡದಾಗ ಪಿಎಸ್ಐ ಪರೀಕ್ಷಾಕ್ಕ ಓದಾಕತ್ಯಾನ. ಕೈಗೀಗೆ ಪೆಟ್ಟ ಮಾಡಕೊಂಡ್ರ ಫಿಜಿಕಲ್ದಾಗ ಹೊರಗ ಹಾಕ್ತಾರ."

ಈಚೆಗೆ ಕೆಲವು ಜಾತ್ರೆಗಳಲ್ಲಿ ಹುಡುಗಿಯರ ಜೋಡಿಯೂ ಕಣಕ್ಕಿಳಿಯುತ್ತದೆ. ಆಗ ಕಟ್ಟೆಯವರಿಗೆ ಒಮ್ಮೆಲೆ ಚಹಾದ ನೆನಪಾಗುತ್ತದೆ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಭಾರತದ ಕುಸ್ತಿಗೆ ಪದಕ ತಂದದ್ದು ಸಾಕ್ಷಿ ಮಲಿಕ್, 58 ಕಿಲೋ; ಮತ್ತೆ ಗೊಬ್ಬರ ಚೀಲದ ಲೆಕ್ಕವೇ. 2023ರ ಮೇ 28ರಂದು ಇದೇ ಸಾಕ್ಷಿಯನ್ನೂ ವಿನೇಶ್ ಫೋಗಟ್‌ರನ್ನೂ ದಿಲ್ಲಿಯ ಬೀದಿಯಲ್ಲಿ ಪೊಲೀಸರು ಎಳೆದಾಡಿದರು. ಕುಸ್ತಿ ಫೆಡರೇಶನ್ನಿನ ಅಧ್ಯಕ್ಷನ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟು ಹಟ ಹಿಡಿದು ಕೂತದ್ದು ಅವರ ತಪ್ಪು. ಗಟ್ಟಿ ಪೈಲವಾನರ ಕಥೆ ಹೇಳಿ ಹೇಳಿ ನಾಲಿಗೆ ಸವೆಸಿಕೊಂಡ ಕಟ್ಟೆ ಅವತ್ತು ಟಿವಿಯ ಮುಂದೆ ಕೂತು, "ಹೆಣ್ಣಮಕ್ಕಳಿಗೆ ಯಾಕ ಬೇಕಾಗಿತ್ತ ಇದು" ಎಂದಿತು. ಪೊಲೀಸರು ಎತ್ತಿಕೊಂಡು ಹೋಗುವಾಗಲೂ ಕೈಯ ಬಾವುಟ ಬಿಡದೆ ಇರುವುದಕ್ಕೆ ಇವರ ಡಾವುಗಳ ಪಟ್ಟಿಯಲ್ಲಿ ಹೆಸರಿಲ್ಲ.

ಮುಂದಿನ ವರ್ಷ ಪ್ಯಾರಿಸ್ಸಿನಲ್ಲಿ 50 ಕಿಲೋ ವರ್ಗದ ಫೈನಲ್ಲಿನ ಬೆಳಗ್ಗೆ ವಿನೇಶ್ ತೂಕ ನೂರು ಗ್ರಾಂ ಹೆಚ್ಚು ಬಂದು ಹೊರಬಿದ್ದಾಗ ಕಟ್ಟೆ ಮೂರು ದಿನ ಕುದಿಯಿತು. "ನೂರ ಗ್ರಾಮ್ ಅಂದ್ರ ಏನ್ರೀ? ಒಂದ ಮುಷ್ಟಿ ಶೇಂಗಾ!" ಎಂದ ಕಾಕಾ. ಅವನ ಸಿಟ್ಟು ಸಹಜವೇ. ವರ್ಷಕ್ಕೆ ಐದು ಕಿಲೋದಂತೆ ಸತ್ತವರಿಗೆ ತೂಕ ಕೂಡಿಸುತ್ತ ಬಂದವನಿಗೆ ಬದುಕಿದ್ದವರನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆಂದು ಯಾರೂ ಹೇಳಿರಲಿಲ್ಲ.

ಹಿಂದಿನ ಕಾಲದ ಪೈಲವಾನರಲ್ಲಿ ಒಬ್ಬ ಇನ್ನೂ ಬದುಕಿದ್ದಾನೆ. ಮುರಿದು ಮುದ್ದೆಯಾದ ಎರಡು ಕಿವಿ, ಸೆಟೆದ ಒಂದು ಮೊಣಕಾಲು. ಕಂಡವರ ಕಬ್ಬಿನ ತೋಟ ಕಾಯುತ್ತಾನೆ. ಬದುಕಿರುವುದರಿಂದ ಅವನ ತೂಕ ಹೆಚ್ಚಿಲ್ಲ, ಇಳಿದಿದೆ. ಆದರೆ ಹಾರೂಗೇರಿ ಕಡೆಯ ಕಣದಲ್ಲಿ ಅವನು ಪಂಜಾಬಿ ಪೈಲವಾನನೊಬ್ಬನನ್ನು ಕಲಾಜಂಗ ಹಾಕಿ ಕೆಡವಿದ ಕಥೆ ಕಾಕಾನ ಬಾಯಲ್ಲಿ ದಿನಾ ಒಮ್ಮೆಯಾದರೂ ಬರಲೇಬೇಕು. ಪಂಜಾಬಿಯ ಎತ್ತರ, ಹಲಗಿ ನಿಂತ ಗಳಿಗೆ, ಎದ್ದ ಧೂಳು, ಜನ ಹಾರಿಸಿದ ಟೊಪ್ಪಿಗೆ, ಪ್ರತಿಯೊಂದೂ. ಕೊನೆಗೆ "ನಾ ಕಣ್ಣಾರೆ ಕಂಡೀನಿ" ಎಂಬ ಮುದ್ರೆ.

ಮಾಜಿ ಪೈಲವಾನರಿಗೆ ಸರ್ಕಾರ ಮಾಸಾಶನ ಕೊಡುತ್ತದೆಂದು ಆ ಮುದುಕನಿಗೆ ಯಾರೋ ಹೇಳಿದ್ದಾರೆ. ಅರ್ಜಿ ಅಂದ ಮೇಲೆ ಕಾಗದ ಬೇಕು. ಮಣ್ಣಿನ ಕುಸ್ತಿಯಲ್ಲಿ ಗೆದ್ದವನಿಗೆ ತೆಂಗಿನಕಾಯಿ ಕೊಡುತ್ತಾರೆ, ಫೇಟಾ ಕೊಡುತ್ತಾರೆ, ದೊಡ್ಡ ಕುಸ್ತಿಯಾದರೆ ಬೆಳ್ಳಿ ಕಡೆ ಕೊಡುತ್ತಾರೆ. ಸರ್ಟಿಫಿಕೇಟ್ ಕೊಡುವ ಪದ್ಧತಿ ಇರಲಿಲ್ಲ. ಕಾಯಿ ಅಂದೇ ಒಡೆದು ತಿಂದಾಗಿದೆ, ಕಡೆ ಮಗಳ ಮದುವೆಗೆ ಹೋಗಿದೆ. ಕಿವಿ ತೋರಿಸಿದರೆ ಝೆರಾಕ್ಸ್ ಬೇಕೆನ್ನುತ್ತಾರೆ. ಕಡೆಗೆ ಯಾರೋ ಪುಣ್ಯಾತ್ಮರು, ಕುಸ್ತಿ ನೋಡಿದ ನಾಲ್ಕು ಮಂದಿ ಹಿರಿಯರ ಸಹಿ ಇರುವ ಕಾಗದವನ್ನಾದರೂ ಜೋಡಿಸು ಎಂದಿದ್ದಾರೆ. ಮಾಸ್ತರರೇ ಚೆಂದಾಗಿ ಬರೆದುಕೊಟ್ಟರು. ಮುದುಕ ಅದನ್ನು ಹಿಡಿದುಕೊಂಡು ಕಟ್ಟೆಗೆ ಬಂದ.

ಮುತ್ಯಾನಿಗೆ ಕನ್ನಡಕ ಮನೆಯಲ್ಲಿತ್ತು. ಮಾಜಿ ಮೆಂಬರ, ಮುಂದೆ ಎಂಕ್ವಾಯರಿ ಗಿಂಕ್ವಾಯರಿ ಬಂದೀತು, ಎಲೆಕ್ಷನ್ ಹತ್ತಿರ ಐತಿ ಎಂದ. ಕಾಗದ ಕಾಕಾನ ಕೈಗೆ ಬಂತು. ಆತ ಅದನ್ನು ಮೇಲೆ ಕೆಳಗೆ ನೋಡಿದ, ತಿರುಗಿಸಿ ಹಿಂದೂ ನೋಡಿದ.

"ಸಹಿ ಮಾಡಾಕ ನಂದೇನ ಅಭ್ಯಂತರ ಇಲ್ಲಪಾ. ಖರೆ ಹೇಳಬೇಕಂದ್ರ ಅವತ್ತ ನಾ ಕಬ್ಬಿಗಿ ನೀರ ಹಾಯಸಾಕ ಹೋಗಿದ್ನಿ. ಕಣ್ಣಾರೆ ಕಂಡಾಂವ ನಮ್ಮ ಸ್ವಾದರಮಾವ. ಅಂವಾ ತೀರಿಕೊಂಡ ಮೂರ ವರ್ಷಾತು."