ಲೋಕಲ್ ಆಫೀಸ್: ಬಳಸುವ ವಿಧಾನ, ಎಚ್ಚರಿಕೆ ಸಹಿತ

ಅಭಿನಂದನೆಗಳು. ಯುರೋಪಿನ ಪುಟ್ಟ ನೆರವು ಸಂಸ್ಥೆಯೊಂದರ ದೇವದುರ್ಗ ಕಚೇರಿ ಇಂದಿನಿಂದ ನಿಮ್ಮ ಸುಪರ್ದಿಗೆ ಬಂದಿದೆ. ಬೆಂಗಳೂರಿನಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾಯಚೂರಿಗೆ ಇಳಿದು, ಮತ್ತೆ ಬಸ್ಸು ಹಿಡಿದು ಇಲ್ಲಿವರೆಗೆ ಬಂದಿದ್ದೀರೆಂದರೆ ನಿಮ್ಮಲ್ಲಿ ಉತ್ಸಾಹ ಇದ್ದೇ ಇರಬೇಕು. ಅದನ್ನು ತಂಪಾದ, ಒಣ ಜಾಗದಲ್ಲಿ ಇಡಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಕಚೇರಿಯನ್ನು ಚಾಲೂ ಮಾಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ನಿಮ್ಮ ಹಿಂದಿದ್ದ ಕೋಆರ್ಡಿನೇಟರ್ ಓದಿರಲಿಲ್ಲ. ಅವರು ಈಗ ಬೆಂಗಳೂರಿನ ಕಂಪನಿಯೊಂದರ ಸಿಎಸ್‌ಆರ್ ವಿಭಾಗದಲ್ಲಿ ಏಸಿ ಕೆಳಗೆ ಸುಖವಾಗಿದ್ದಾರೆ.

ಪೆಟ್ಟಿಗೆಯಲ್ಲಿ ಏನೇನಿದೆ

ಉಕ್ಕಿನ ಬೀರು ಒಂದು, ಕೀಲಿ ಅಕೌಂಟೆಂಟ್ ಮೇಡಂ ಹತ್ತಿರ. ಪ್ರಿಂಟರ್ ಒಂದು, ಬಿಸಿಯಾದರೆ ಕಾಗದ ನುಂಗುತ್ತದೆ. ಹಳೇ ಬೊಲೆರೊ ಒಂದು. ಇವುಗಳ ಮೇಲೆಲ್ಲ ಬಿಳಿ ಬಣ್ಣದಲ್ಲಿ ಸ್ವತ್ತಿನ ನಂಬರ್ ಬರೆದಿದೆ. ಫ್ಯಾನಿಗೂ ಇದೆ, ಕಸದ ಬುಟ್ಟಿಗೂ ಇದೆ. ಅಕೌಂಟೆಂಟ್, ಡ್ರೈವರ್, ಹಳ್ಳಿ ತಿರುಗುವ ಕಾರ್ಯಕರ್ತೆಯರು, ಚಹಾ ಮಾಡಿ ಕಸ ಹೊಡೆಯುವ ಅಮ್ಮ, ಇವರಿಗೆ ನಂಬರ್ ಇಲ್ಲ. ಹಾಗಾಗಿ ಸ್ವತ್ತಿನ ರಿಜಿಸ್ಟರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ.

ಚಾಲೂ ಮಾಡುವ ಮುನ್ನ

ಈ ಯಂತ್ರ ಏಕಕಾಲಕ್ಕೆ ಮೂರು ಕ್ಯಾಲೆಂಡರ್ ಮೇಲೆ ಓಡುತ್ತದೆ. ದಾನಿಗಳ ವರ್ಷ ಜನವರಿಗೆ ಶುರು, ಸರ್ಕಾರದ್ದು ಏಪ್ರಿಲ್‌ಗೆ. ಹಳ್ಳಿಯದ್ದು ಮುಂಗಾರಿಗೆ. ಹಿಂದಿನ ಆರ್ಥಿಕ ವರ್ಷದಲ್ಲಿ ಬಂದ ವಿದೇಶಿ ಹಣದ ಲೆಕ್ಕವನ್ನು ಎಫ್‌ಸಿ-4 ಎಂಬ ನಮೂನೆಯಲ್ಲಿ ಡಿಸೆಂಬರ್ 31ರೊಳಗೆ ಕೇಂದ್ರ ಗೃಹ ಸಚಿವಾಲಯಕ್ಕೆ ಸಲ್ಲಿಸಬೇಕು. ಆ ವಾರ ಹೆಡ್ ಆಫೀಸಿನವರೆಲ್ಲ ಕ್ರಿಸ್‌ಮಸ್ ರಜೆಯ ಮೇಲಿರುತ್ತಾರೆ. ಇಲ್ಲಿ ಅದೇ ಹೊತ್ತಿಗೆ ಹತ್ತಿ ಬಿಡಿಸುವ ಗದ್ದಲ. ಅಕೌಂಟೆಂಟ್ ಮೇಡಂ ಒಬ್ಬರೇ ಮೂರೂ ಕ್ಯಾಲೆಂಡರಿನೊಳಗೆ ಕೂತಿರುತ್ತಾರೆ. ಆಗ ಅವರ ಮುಂದೆ ಹೋಗಿ ‘ಟೀಮ್ ಬಿಲ್ಡಿಂಗ್’ ಎನ್ನಬೇಡಿ.

ಎಳ್ಳ ಅಮಾವಾಸ್ಯೆಯ ದಿನ ಸರ್ವೆ ಇಟ್ಟುಕೊಳ್ಳಬೇಡಿ. ಊರಿಗೆ ಊರೇ ಹೊಲದಲ್ಲಿ ಚರಗ ಚೆಲ್ಲುತ್ತಿರುತ್ತದೆ. ಹೋದ ಕಾರ್ಯಕರ್ತೆಯನ್ನು ಉಣಿಸದೆ ಕಳಿಸುವುದಿಲ್ಲ. ಫಾರ್ಮುಗಳು ಖಾಲಿಯಾಗಿಯೇ, ಆದರೆ ಶೇಂಗಾ ಹೋಳಿಗೆಯ ತುಪ್ಪ ಹತ್ತಿಸಿಕೊಂಡು ವಾಪಸ್ಸು ಬರುತ್ತವೆ. ಮೊಹರಂನ ಹತ್ತು ದಿನವೂ ಅಷ್ಟೆ. ಅಲಾಯಿ ಕುಣಿಯುವುದು ಬಿಟ್ಟು ನಿಮ್ಮ ಸ್ವಸಹಾಯ ಗುಂಪಿನ ತರಬೇತಿಗೆ ಬರಲು ಇಲ್ಲಿನವರಿಗೆ ಹಿಂದೂ ಮುಸ್ಲಿಂ ಎಂಬ ನೆಪವೂ ಇಲ್ಲ, ಹಬ್ಬ ಇಬ್ಬರದ್ದೂ. ಸುಗ್ಗಿ ಮುಗಿದ ಮೇಲೆ ಗುಳೆ. ಬೆಂಗಳೂರು, ಹೈದರಾಬಾದು, ಪುಣೆಯ ಕಟ್ಟಡ ಕೆಲಸಕ್ಕೆ ಹೋದವರ ಮನೆಗೆ ಕೀಲಿ ಬಿದ್ದಿರುತ್ತದೆ, ಮುದುಕರು ಕಟ್ಟೆಯ ಮೇಲಿರುತ್ತಾರೆ. ನಿಮ್ಮ ಯೋಜನೆಯ ಕೊನೆಯ ಸಮೀಕ್ಷೆ ಸರಿಯಾಗಿ ಅದೇ ಮಾರ್ಚ್ ತಿಂಗಳಿಗೆ ನಿಗದಿಯಾಗಿದೆ. ಯಾಕೆ ಎಂದು ಕೇಳಬೇಡಿ. ನಿಗದಿ ಮಾಡಿದವರ ಊರಿನಲ್ಲಿ ಆಗ ಹಿಮ ಕರಗುತ್ತಿರುತ್ತದೆ.

ಹಣ ತುಂಬುವ ಕ್ರಮ

ಮುಚ್ಚಳ ತೆರೆದು ಹಣ ಸುರಿಯಲು ಬರುವುದಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ ಬಂದ ವಿದೇಶಿ ದೇಣಿಗೆ ಕಾಯ್ದೆಯನ್ನು 2010ರಲ್ಲಿ ಹೊಸದಾಗಿ ಬರೆದರು, 2020ರಲ್ಲಿ ಮತ್ತೆ ತಿದ್ದಿದರು. ಈ ತಿದ್ದುಪಡಿಯಿಂದಾಗಿ ದೇಶದ ಯಾವ ಮೂಲೆಯ ಸಂಸ್ಥೆಯೇ ಆಗಲಿ, ವಿದೇಶಿ ಹಣವನ್ನು ಮೊದಲು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ತರಿಸಬೇಕು. ದೇವದುರ್ಗದ ಮಗುವಿನ ಹಾಲಿನ ಪುಡಿಯ ದುಡ್ಡು ಪಾರ್ಲಿಮೆಂಟಿನ ದಾರಿ ಹಿಡಿದು ಬರುತ್ತದೆ. ಬಂದದ್ದನ್ನು ಪಕ್ಕದ ತಾಲ್ಲೂಕಿನ ಸಣ್ಣ ಸಂಸ್ಥೆಗೆ ಹಂಚೋಣವೆಂದರೆ ಅದಕ್ಕೂ ಅದೇ ತಿದ್ದುಪಡಿ ಅಡ್ಡ ಬರುತ್ತದೆ.

ಇನ್ನು ಆಡಳಿತ ವೆಚ್ಚ. ಮೊದಲು ಶೇ 50ರವರೆಗೆ ಇದ್ದದ್ದು ಈಗ ಶೇ 20. ನಿಮ್ಮ ಸಿಬ್ಬಂದಿಯ ಹಣೆಬರಹ ಇರುವುದು ಇಲ್ಲಿ. ಬಾಡಿಗೆ, ಕರೆಂಟು, ಗಾಡಿ ಓಡಿಸುವ ಖರ್ಚು, ಲೆಕ್ಕ ಬರೆಯುವ ಖರ್ಚು, ವರದಿ ಬರೆಯುವ ಖರ್ಚು ಎಲ್ಲವೂ ಆಡಳಿತದ ಪಟ್ಟಿಯಲ್ಲಿವೆ. ಆಸ್ಪತ್ರೆಯ ವೈದ್ಯರ, ಶಾಲೆಯ ಮೇಷ್ಟ್ರ ಸಂಬಳವನ್ನು ಅದರಿಂದ ಹೊರಗಿಟ್ಟಿದ್ದಾರೆ. ನಿಮ್ಮದು ಆಸ್ಪತ್ರೆಯೂ ಅಲ್ಲ, ಶಾಲೆಯೂ ಅಲ್ಲ. ಆಸ್ಪತ್ರೆಗೆ, ಶಾಲೆಗೆ ಹೋಗಬೇಕಾದವರನ್ನು ಮನೆಯಿಂದ ಹೊರಡಿಸುವ ಕಚೇರಿ. ಹೆರಿಗೆ ನೋವು ಬಂದವಳನ್ನು ನಡುರಾತ್ರಿ ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸಿದ ಬೊಲೆರೊದ ಡೀಸೆಲ್ಲು ಕಾರ್ಯಕ್ರಮವೋ ಆಡಳಿತವೋ ಎಂದು ಅಕೌಂಟೆಂಟ್ ಮೇಡಂ ಮತ್ತು ಆಡಿಟರ್ ಅರ್ಧ ದಿನ ಚರ್ಚಿಸುವುದನ್ನು ನೀವು ನೋಡುತ್ತೀರಿ. ಮಧ್ಯೆ ಬಾಯಿ ಹಾಕಬೇಡಿ. ದಾನಿಗಳಿಗೂ ಈ ಶೇ 20 ಬಹಳ ಇಷ್ಟವಾಗಿದೆ. ಹಣವೆಲ್ಲ ನೇರ ಬಡವರಿಗೇ ಹೋಗಬೇಕು, ನಡುವೆ ಯಾರೂ ಇರಬಾರದು ಎಂಬುದು ಅವರ ಆಸೆ. ನಡುವೆ ಇರುವವರೇ ಕೆಲಸ ಮಾಡುವವರು ಎಂದು ಅವರಿಗೆ ಪತ್ರ ಬರೆಯಬಹುದು. ಪತ್ರ ಬರೆದ ಖರ್ಚು ಆಡಳಿತಕ್ಕೆ ಬೀಳುತ್ತದೆ.

ಅಕೌಂಟೆಂಟ್ ಮೇಡಂ ಅವರ ಟೇಬಲ್ಲಿನ ಎಡಗಡೆಯ ಡ್ರಾದಲ್ಲಿ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪುಗಳ ಹಾಳೆ ಇದೆ. 5,000 ರೂಪಾಯಿ ಮೀರಿದ ರಸೀದಿಗೆ ಅದು ಬೇಕು, ಅದರ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಬೀಳಬೇಕು. ಬಲಗಡೆಯ ಡ್ರಾದಲ್ಲಿ ಬಸ್ ಟಿಕೆಟ್ಟುಗಳು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಕಾರ್ಯಕರ್ತೆಯರ ಬಸ್ ಪ್ರಯಾಣ ಉಚಿತವಾಯಿತು. ಪ್ರಯಾಣ ವೆಚ್ಚ ಸೊನ್ನೆಯಾದರೆ ನಿಮ್ಮವರು ಹಳ್ಳಿಗೇ ಹೋಗುತ್ತಿಲ್ಲವೇ ಎಂದು ಹೆಡ್ ಆಫೀಸಿನಿಂದ ಅನುಮಾನದ ಮೇಲ್ ಬಂತು. ಅಂದಿನಿಂದ ಮೇಡಂ ಸೊನ್ನೆ ರೂಪಾಯಿಯ ಟಿಕೆಟ್ಟುಗಳನ್ನೂ ಬಿಳಿ ಹಾಳೆಗೆ ಗೋಂದು ಹಚ್ಚಿ ಅಂಟಿಸಿ, ಕೆಳಗೆ ಒಟ್ಟು ಹಾಕಿ, ಸೊನ್ನೆ ಎಂದು ಬರೆದು, ಅಕ್ಷರದಲ್ಲೂ ಬರೆದು ಸಹಿ ಮಾಡುತ್ತಾರೆ. ಆ ವೋಚರುಗಳನ್ನು ಎಸೆಯಬೇಡಿ. ಕಚೇರಿಯ ದಾಖಲೆಗಳಲ್ಲಿ ನೂರಕ್ಕೆ ನೂರು ಸತ್ಯವಾದವು ಅವೇ.

ಕಂತು ತಡವಾದರೆ, ತಡವಾಗುತ್ತದೆ, ಯಂತ್ರ ತಾನಾಗಿಯೇ ಬ್ಯಾಕಪ್‌ಗೆ ಹೊರಳುತ್ತದೆ. ಬ್ಯಾಕಪ್ ಇರುವುದು ಕೆಳಗಿನ ಕಿರಾಣಿ ಅಂಗಡಿಯಲ್ಲಿ. ತರಬೇತಿಯ ಅಕ್ಕಿ, ಬೇಳೆ, ಚಹಾಪುಡಿ ಎಲ್ಲ ಉದ್ರಿ. ಡ್ರೈವರ್ ಬಂಕಿನಲ್ಲಿ ತನ್ನ ಹೆಸರಿಗೆ ಡೀಸೆಲ್ ಬರೆಸುತ್ತಾರೆ. ಕಾರ್ಯಕರ್ತೆಯರ ಎರಡು ತಿಂಗಳ ಸಂಬಳ ನಿಲ್ಲುತ್ತದೆ, ಕೆಲಸ ನಿಲ್ಲುವುದಿಲ್ಲ. ವಾರ್ಷಿಕ ವರದಿಯ ಕೊನೆಯ ಪುಟದಲ್ಲಿ ದಾನಿಗಳ ಲೋಗೋಗಳನ್ನು ಸಾಲಾಗಿ ಹಾಕುತ್ತೀರಲ್ಲ, ಅಲ್ಲಿ ಈ ಉದ್ರಿ ಪುಸ್ತಕದ ರಟ್ಟಿನ ಚಿತ್ರ ಮೊದಲು ಬರಬೇಕು. ಡಿಸೈನ್ ಹೆಡ್ ಆಫೀಸಿನಲ್ಲೇ ಆಗುವುದರಿಂದ ಸದ್ಯಕ್ಕೆ ಸಾಧ್ಯವಿಲ್ಲ.

ಮುಖ್ಯ ಭಾಗದ ಕಾರ್ಯವೈಖರಿ

ಮುಖ್ಯ ಭಾಗ ನೀವಲ್ಲ. ಪಿಯುಸಿ ಓದಿ, ಪಕ್ಕದ ಊರಿನಿಂದ ಮೊದಲ ಬಸ್ಸಿಗೆ ಬರುವ ಕಾರ್ಯಕರ್ತೆ. ಅವರ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಪಟ್ಟಿ ಇರುತ್ತದೆ: ಕೆಂಪು, ಹಳದಿ, ಹಸಿರು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ ನೋಡುವ ಟೇಪು. ಬಳಸುವ ಕ್ರಮ ಹೀಗೆ. ಎಡಗೈ ಹಿಡಿದು ಮೊಣಕೈ ಮಡಿಸಿ, ಭುಜದ ತುದಿಗೂ ಮೊಣಕೈ ತುದಿಗೂ ನಡುವಿನ ಜಾಗಕ್ಕೆ ಗುರುತು ಹಾಕಿ. ಆಮೇಲೆ ಕೈಯನ್ನು ಸಡಿಲ ಬಿಡಿಸಿ, ಆ ಗುರುತಿನ ಮೇಲೆ ಟೇಪನ್ನು ಸುತ್ತಿ. ಬಿಗಿಯಬಾರದು, ಜೋತು ಬೀಳಲೂಬಾರದು. 12.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಹಳದಿ. 11.5ಕ್ಕಿಂತ ಕಡಿಮೆಯಾದರೆ ಕೆಂಪು, ತೀವ್ರ ಅಪೌಷ್ಟಿಕತೆ. ಇಷ್ಟು ಕೆಲಸ ಎರಡು ನಿಮಿಷದ್ದು.

ಮುಂದಿನದು ಕೈಪಿಡಿಯಲ್ಲಿ ಇಲ್ಲ.

‘ಕೆಂಪು ಬಂತೇನ್ರಿ ಅಕ್ಕಾರ?’ ಎನ್ನುತ್ತಾಳೆ ತಾಯಿ. ಬಂದಿದೆ. ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು, ಸಾಮಾನ್ಯವಾಗಿ 14 ದಿನ, ತಾಯಿಯೂ ಜೊತೆಗಿರಬೇಕು.

‘ಹದಿನಾಕು ದಿನ ದವಾಖಾನ್ಯಾಗ ಕುಂತ್ರ ಹತ್ತಿ ಯಾರ್ ಬಿಡಿಸ್ಬೇಕ್ರಿ?’

ಈ ಪ್ರಶ್ನೆಗೆ ಹೆಡ್ ಆಫೀಸಿನಿಂದ ಬಂದ ಬಣ್ಣದ ಕರಪತ್ರದಲ್ಲಿ ಉತ್ತರವಿಲ್ಲ. ಕಾರ್ಯಕರ್ತೆ ಕರಪತ್ರ ತೆಗೆಯುವುದೂ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂರುತ್ತಾರೆ. ಮೊದಲು ಅತ್ತೆಯ ಮೊಣಕಾಲು ನೋವಿನ ವಿಚಾರ. ಆಮೇಲೆ ದೊಡ್ಡ ಮಗಳನ್ನು ಯಾರು ಶಾಲೆಗೆ ಕಳಿಸಬೇಕು, ಆಡು ಕಟ್ಟುವವರ್ಯಾರು, ರೊಟ್ಟಿ ಬಡಿಯುವವರ್ಯಾರು. ಹೊಲದ ಸಾವುಕಾರರಿಂದ ತಗೊಂಡ ಮುಂಗಡಕ್ಕೆ ಏನು ಹೇಳುವುದು. ಕಾರ್ಯಕರ್ತೆಯೇ ಸಾವುಕಾರರ ಮನೆ ಬಾಗಿಲಿಗೆ ಹೋಗಿ, ‘ಅಣ್ಣಾರ, ಹದಿನೈದು ದಿನ ಬಿಟ್ಟು ಬರ್ತಾಳ್ರಿ’ ಎಂದು ನಿಲ್ಲುತ್ತಾರೆ. ಆಸ್ಪತ್ರೆಯಲ್ಲಿ ತಾಯಿಗೆ ಕೂಲಿ ಭತ್ಯೆ ಉಂಟು ಎಂಬುದನ್ನು ಎಲ್ಲಕ್ಕಿಂತ ಕೊನೆಗೆ ಹೇಳುತ್ತಾರೆ. ಮೊದಲೇ ಹೇಳಿದರೆ ದುಡ್ಡಿಗಾಗಿ ಹೋದಳು ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಮಧ್ಯಾಹ್ನ ಆಗಿರುತ್ತದೆ. ತಾಯಿ ಸೀರೆ ಗಂಟು ಕಟ್ಟಿಕೊಂಡು ಬೊಲೆರೊ ಹತ್ತುತ್ತಾಳೆ, ಅಥವಾ ಹತ್ತುವುದಿಲ್ಲ.

ಹತ್ತಿದರೆ ತಿಂಗಳ ವರದಿಯಲ್ಲಿ ‘ಆಪ್ತ ಸಮಾಲೋಚನೆ: 1’. ಹತ್ತದಿದ್ದರೂ ಅಷ್ಟೇ.

ಈ ಒಂದನ್ನು ಲಾಗ್‌ಫ್ರೇಮ್ ಎಂಬ ಕೋಷ್ಟಕಕ್ಕೆ ತುಂಬುವುದು ನಿಮ್ಮ ಕೆಲಸ. ಅಮೆರಿಕದ ಯುಎಸ್‌ಏಡ್‌ಗಾಗಿ 1969ರಲ್ಲಿ ಹುಟ್ಟಿದ ಕೋಷ್ಟಕ ಇದು. ಯುಎಸ್‌ಏಡ್ 2025ರಲ್ಲಿ ಬಾಗಿಲು ಹಾಕಿತು, ಕೋಷ್ಟಕ ಮಾತ್ರ ಗಟ್ಟಿಮುಟ್ಟಾಗಿದೆ. ನಾಲ್ಕು ಕಾಲಂ. ಏನು ಮಾಡುತ್ತೀರಿ, ಆಯಿತೆಂದು ಅಳೆಯುವುದು ಹೇಗೆ, ಸಾಕ್ಷಿ ಎಲ್ಲಿದೆ, ಕೊನೆಯದು ‘ಊಹೆಗಳು’. ನಮ್ಮ ಕೈಯಲ್ಲಿಲ್ಲದ, ಆದರೆ ಸರಿಯಾಗಿರುತ್ತದೆಂದು ನಂಬಿ ಹೊರಟದ್ದನ್ನೆಲ್ಲ ಇದರಲ್ಲಿ ಬರೆಯಬೇಕು: ಮಳೆ ಹದವಾಗಿ ಬರುತ್ತದೆ, ನಾರಾಯಣಪುರ ಬಲದಂಡೆ ಕಾಲುವೆಗೆ ನೀರು ಬಿಡುತ್ತಾರೆ, ಹತ್ತಿ ಬೆಲೆ ಬೀಳುವುದಿಲ್ಲ, ಪಿಡಿಒ ಸಾಹೇಬರು ವರ್ಗವಾಗುವುದಿಲ್ಲ. ದೇವದುರ್ಗ ತಾಲ್ಲೂಕು ಪೂರ್ತಿ ಆ ಒಂದು ಕಾಲಂನಲ್ಲಿ ವಾಸವಾಗಿದೆ. ಬೀರುವಿನ ಮೇಲಿನ ಖಾನೆಯಲ್ಲಿ ‘ಸ್ಫಿಯರ್’ ಎಂಬ ದಪ್ಪ ಪುಸ್ತಕವೂ ಸಿಗುತ್ತದೆ. ವಿಪತ್ತಿನ ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೊಂದು ಶೌಚಾಲಯ ಎಂದು ಅದರಲ್ಲಿದೆ. ಒಳ್ಳೆಯ ಪುಸ್ತಕ. ಮೇ ತಿಂಗಳಲ್ಲಿ ಹಳ್ಳಿಯ ಕಟ್ಟೆಯ ಮೇಲೆ ಕೂತು ಅದನ್ನು ಜೋರಾಗಿ ಓದಬೇಡಿ.

ಅತಿಥಿ ಮೋಡ್

ಹೆಡ್ ಆಫೀಸಿನವರು ಚಳಿಗಾಲದಲ್ಲಿ ಬರುತ್ತಾರೆ. ಒಗ್ಗರಣೆಗೆ ಮಿರ್ಚಿ ಬೇಡ ಎಂದು ಮೊದಲೇ ಹೇಳಿಡಿ. ಆದರೂ ಯಾರೋ ಒಬ್ಬರು ಪ್ರೀತಿಯಿಂದ ಎರಡು ಇಟ್ಟೇ ಇಡುತ್ತಾರೆ. ಪ್ರತಿ ಸಲ ಕರೆದೊಯ್ಯುವ ಊರು ಒಂದಿದೆ. ಅಲ್ಲಿನ ಅಜ್ಜಿಗೆ ಅಭ್ಯಾಸವಾಗಿದೆ, ದುಭಾಷಿ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೊಟ್ಟು, ಕ್ಯಾಮೆರಾದತ್ತ ನೋಡಿ, ಸೆರಗು ಸರಿಮಾಡಿಕೊಳ್ಳುತ್ತಾರೆ. ಅತಿಥಿಗಳು ಹೊರಟ ಮೇಲೆ ‘ಸರ್ರ, ನಮ್ಮೂರ ನೀರಿನ ಟಾಕಿ ಯಾವಾಗ ರಿಪೇರಿ?’ ಎಂದು ನಿಮ್ಮನ್ನು ಕೇಳುತ್ತಾರೆ. ಅದಕ್ಕೆ ದುಭಾಷಿ ಬೇಕಾಗುವುದಿಲ್ಲ.

ದೋಷಗಳು ಕಂಡುಬಂದರೆ

ವಿಡಿಯೊ ಮೀಟಿಂಗಿನಲ್ಲಿ ನಿಮ್ಮ ಮುಖ ಹಾಗೇ ನಿಂತುಬಿಟ್ಟರೆ ಜೆಸ್ಕಾಂನವರು ಕರೆಂಟು ತೆಗೆದಿದ್ದಾರೆ ಎಂದರ್ಥ. ಮೀಟಿಂಗನ್ನು ಹೆಡ್ ಆಫೀಸಿನವರು ತಮ್ಮ ಮಧ್ಯಾಹ್ನಕ್ಕೆ ಇಡುತ್ತಾರೆ, ಅದು ನಮ್ಮ ಸಂಜೆ. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ಕಾರ್ಯಕರ್ತೆಯರ ಕೊನೆಯ ಬಸ್ಸಿಗೆ ಈ ಬದಲಾವಣೆ ತಿಳಿದಿಲ್ಲ.

‘ಇವತ್ತು ಗಾಡಿ ಬರೂದಿಲ್ರೀ ಸರ್ರ’ ಎಂದು ಡ್ರೈವರ್ ಹೇಳಿದರೆ ಗಾಡಿ ಕೆಟ್ಟಿಲ್ಲ. ನಿನ್ನೆ ಮಳೆಯಾಗಿದೆ, ಆ ದಾರಿ ಎರೆ ಮಣ್ಣಿನದ್ದು. ಮೊಬೈಲಿನ ನಕ್ಷೆ ತೆಗೆದು ತೋರಿಸಬೇಡಿ. 2009ರ ನೆರೆಯಲ್ಲಿ ಯಾವ ಹಳ್ಳಕ್ಕೆ ನೀರು ಎಲ್ಲಿವರೆಗೆ ಬಂದಿತ್ತು ಎಂದು ತೋರಿಸಬಲ್ಲ ಮನುಷ್ಯ ಅವರು.

ತಿಂಗಳ ಸಭೆಯಲ್ಲಿ ಕಾರ್ಯಕರ್ತೆಯರು ಸುಮ್ಮನೆ ಕೂತರೆ ನೀವು ‘ಟಾರ್ಗೆಟ್’ ಎಂಬ ಗುಂಡಿಯನ್ನು ಜಾಸ್ತಿ ಒತ್ತಿದ್ದೀರಿ. ಹತ್ತು ನಿಮಿಷ ಬಿಡಿ. ಚಹಾದ ಅಮ್ಮ ಬಂದು ‘ಯಾಕ್ರೀ ಅಕ್ಕಾರ, ಯಾರೂ ಮಾತಾಡವಲ್ರಿ?’ ಎಂದರೆ ಸರಿಹೋಗುತ್ತದೆ. ಯಾವ ಆಫೀಸಿನ ಸಾಹೇಬರು ಯಾವ ದಿನ ಸಿಗುತ್ತಾರೆ, ಯಾರ ಸಿಟ್ಟು ಎಷ್ಟು ಹೊತ್ತಿನದು ಎಂಬುದೂ ಅವರಿಗೇ ಗೊತ್ತು. ಸಂಬಳ ಪಟ್ಟಿಯಲ್ಲಿ ಅವರು ಎಲ್ಲರಿಗಿಂತ ಕೆಳಗಿದ್ದಾರೆ. ಅದನ್ನು ದೋಷವೆಂದು ಗುರುತಿಸಿದ್ದೇವೆ, ದುರಸ್ತಿ ನಿಮಗೆ ಬಿಟ್ಟದ್ದು.

ಬಳಕೆಯ ನಂತರ ವಿಲೇವಾರಿ

ಮೂರು ವರ್ಷಕ್ಕೆ ಯೋಜನೆ ಮುಗಿಯುತ್ತದೆ. ನಂಬರ್ ಇರುವ ವಸ್ತುಗಳ ಪಟ್ಟಿ ಮಾಡಿ, ಸ್ಥಿತಿ ಬರೆದು, ಯಾರಿಗೆ ಕೊಡಬೇಕೆಂದು ಹೆಡ್ ಆಫೀಸಿನ ಒಪ್ಪಿಗೆ ಪಡೆಯಿರಿ. ನಂಬರ್ ಇಲ್ಲದವರ ವಿಷಯದಲ್ಲಿ ಒಪ್ಪಿಗೆ ಬೇಕಿಲ್ಲ, ಅವರ ಕರಾರು ತಾನಾಗಿಯೇ ಮುಗಿದಿರುತ್ತದೆ. ಕಾರ್ಯಕರ್ತೆ ಇನ್ನೊಂದು ಸಂಸ್ಥೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಅದೇ ಮೊದಲ ಬಸ್ಸಿಗೆ ಅದೇ ಊರಿಗೆ ಹೋಗುತ್ತಾರೆ. ಊರಿನವರಿಗೆ ಹಳೆಯ ಸಂಸ್ಥೆಯ ಹೆಸರೂ ಗೊತ್ತಿರಲಿಲ್ಲ, ಹೊಸದನ್ನೂ ಕೇಳುವುದಿಲ್ಲ. ಟೇಪನ್ನು ವಾಪಸ್ ಕೇಳಬೇಡಿ. ಬೋರ್ಡು ಇಳಿಸುವ ಮೊದಲು ಕಿರಾಣಿ ಅಂಗಡಿಯ ಉದ್ರಿ ಪೂರ್ತಿ ತೀರಿಸಿ, ಚುಕ್ತಾ ಎಂದು ಬರೆಸಿಕೊಂಡು ರೆವಿನ್ಯೂ ಸ್ಟಾಂಪು ಹಚ್ಚಿಸಿ. ಮಾಳಿಗೆಯ ಮಾಲೀಕರೂ ಅವರೇ, ಮುಂದಿನ ಸಂಸ್ಥೆಯವರು ಬಾಡಿಗೆ ಕೇಳಲು ಆಗಲೇ ಬಂದು ಕೆಳಗೆ ಕೂತಿದ್ದಾರೆ.