ಗುಂಡಿ ಒತ್ತಿದರೆ ಫ್ರಾಂಕ್ಲಿನ್

ಅಮೆರಿಕದ ಶಾಲೆಗಳಲ್ಲಿ ಮೂರನೆಯದೋ ನಾಲ್ಕನೆಯದೋ ಕ್ಲಾಸು ಮುಟ್ಟಿದ ಮಕ್ಕಳ ಅಪ್ಪ-ಅಮ್ಮಂದಿರಿಗೆ ‘ವ್ಯಾಕ್ಸ್ ಮ್ಯೂಸಿಯಂ’ ಎಂಬ ಗಂಡಾಂತರ ಕಾದಿರುತ್ತದೆ. ಮಗು ಚರಿತ್ರೆಯಿಂದ ಯಾರನ್ನಾದರೂ ಆರಿಸಿಕೊಂಡು, ಪುಸ್ತಕ ಓದಿ, ‘ನಾನು ಇಂಥವನು’ ಅಂತ ಶುರುವಾಗುವ ಒಂದು ನಿಮಿಷದ ಭಾಷಣ ಬರೆಯಬೇಕು. ಆಮೇಲೆ ವೇಷ ಹಾಕಿಕೊಂಡು, ಮುಂದೊಂದು ಕೆಂಪು ಕಾಗದದ ಗುಂಡಿ ಅಂಟಿಸಿಕೊಂಡು ಮೇಣದ ಗೊಂಬೆಯಾಗಿ ನಿಲ್ಲಬೇಕು. ಬಂದವರು ಗುಂಡಿ ಒತ್ತಿದರೆ ಮಾತು. ಮುಗಿದ ಕೂಡಲೇ ಮತ್ತೆ ಗೊಂಬೆ. ಭಾಷಣ ಮಗುವೇ ಬರೆಯತಕ್ಕದ್ದು, ಹಿರಿಯರು ‘ಸಹಾಯ’ ಮಾಡಬಹುದು ಎಂದು ಮನೆಗೆ ಚೀಟಿ ಬರುತ್ತದೆ. ಅನಾಹುತವೆಲ್ಲ ಆ ‘ಸಹಾಯ’ದಲ್ಲೇ ಇರುವುದು.

ನಮ್ಮನೆಯವರು ಚೀಟಿ ಪೂರ್ತಿ ಓದುವ ಮೊದಲೇ ‘ವಿಶ್ವೇಶ್ವರಯ್ಯ’ ಅಂದರು. ಮದುವೆಯ ಪೇಟ ಹೇಗೂ ಪೆಟ್ಟಿಗೆಯಲ್ಲಿತ್ತು. ಆ ರಾತ್ರಿಯೇ ಭಾಷಣವೂ ತಯಾರು: ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟು, ಹೈದರಾಬಾದಿನ ಮೂಸಿ ಪ್ರವಾಹ, 1912ರಿಂದ 1918ರವರೆಗಿನ ದಿವಾನಗಿರಿ, ಕನ್ನಂಬಾಡಿ, 1955ರ ಭಾರತರತ್ನ. ಒಂದು ನಿಮಿಷದಲ್ಲಿ ಕಟ್ಟೆಯ ಅಡಿಪಾಯ ತೋಡುವುದೂ ಮುಗಿಯುತ್ತಿರಲಿಲ್ಲ. ಆದರೆ ಚೀಟಿಯ ಕೊನೆಯಲ್ಲೊಂದು ಸಾಲಿತ್ತು: ಆರಿಸಿದವರ ಪುಸ್ತಕ ಶಾಲೆಯ ಲೈಬ್ರರಿಯಲ್ಲಿ ಇರಬೇಕು. ಪೇಟ ಪೆಟ್ಟಿಗೆಗೆ ವಾಪಸ್ ಹೋಯಿತು. ನಾವಿರುವುದು ನ್ಯೂಜೆರ್ಸಿಯಲ್ಲಿ, ಎಡಿಸನ್ ಹೆಸರಿನ ಊರೇ ಇರುವ ರಾಜ್ಯ. ಹಾಗಾಗಿ ಎಡಿಸನ್ ಆಗುವುದಕ್ಕೆ ನೂಕುನುಗ್ಗಲು. ನಮ್ಮವನ ಪಾಲಿಗೆ ಉಳಿದವನು ಬೆಂಜಮಿನ್ ಫ್ರಾಂಕ್ಲಿನ್.

ಪುಸ್ತಕ ಓದಿ ಮಗ ತಾನಾಗಿ ಬರೆದ ಮೊದಲ ಕರಡು ನನಗೆ ಬಹಳ ಹಿಡಿಸಿತು. ‘ನಾನು 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದೆ. ಅಪ್ಪನಿಗೆ ಹದಿನೇಳು ಮಕ್ಕಳು, ನಾನು ಹದಿನೈದನೆಯವನು. ಹತ್ತು ವರ್ಷಕ್ಕೇ ಶಾಲೆ ಬಿಟ್ಟೆ. ಹದಿನೇಳಕ್ಕೆ ಮನೆ ಬಿಟ್ಟು ಓಡಿಹೋದೆ. ದೊಡ್ಡವನಾದ ಮೇಲೆ ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳದೆ ಕೂತು ಗಾಳಿಸ್ನಾನ ಮಾಡುತ್ತಿದ್ದೆ.’ ಎಲ್ಲವೂ ನಿಜ, ಒಂದೂ ಕಟ್ಟುಕಥೆಯಲ್ಲ.

ನಮ್ಮನೆಯವರು ಪೆನ್ಸಿಲ್ ತೆಗೆದುಕೊಂಡರು. ಶಾಲೆ ಬಿಟ್ಟದ್ದು ಹೋಯಿತು. ಓಡಿಹೋದದ್ದು ‘ಉನ್ನತ ಅವಕಾಶಗಳಿಗಾಗಿ ಫಿಲಡೆಲ್ಫಿಯಾಕ್ಕೆ ತೆರಳಿದೆ’ ಎಂದಾಯಿತು. ಗಾಳಿಸ್ನಾನದ ಮೇಲೆ ಪೆನ್ಸಿಲ್ ಮೊನೆ ಮುರಿಯುವ ಹಾಗೆ ಗೀಟು ಬಿತ್ತು. ಖಾಲಿಯಾದ ಜಾಗಕ್ಕೆ ಸಿಡಿಲು ತಡೆಯುವ ಸಲಾಕೆ, ಬೈಫೋಕಲ್ ಕನ್ನಡಕ, 1776ರ ಸ್ವಾತಂತ್ರ್ಯ ಘೋಷಣೆಗೂ 1787ರ ಸಂವಿಧಾನಕ್ಕೂ ಹಾಕಿದ ಸಹಿ ಬಂದು ಕೂತವು. ಫ್ರಾಂಕ್ಲಿನ್ ಎಚ್-1ಬಿ ವೀಸಾಕ್ಕೆ ಅರ್ಜಿ ಹಾಕುವವನಂತೆ ಕಾಣತೊಡಗಿದ. ಹದಿನಾರರ ಹೊತ್ತಿಗೆ ಅವನು ಮಾಂಸ ಬಿಟ್ಟದ್ದನ್ನು ಇವರು ಎರಡು ಗೆರೆ ಎಳೆದು ಸೇರಿಸಿದರು. ಮಗ ಪುಸ್ತಕ ತಂದು ಮುಂದಿನ ಕಥೆ ತೋರಿಸಿದ: ಒಮ್ಮೆ ಹಡಗಿನಲ್ಲಿ ಮೀನು ಹುರಿಯುವ ಘಮಕ್ಕೆ ಫ್ರಾಂಕ್ಲಿನ್ನನ ಮನಸ್ಸು ಜಾರಿತು. ದೊಡ್ಡ ಮೀನಿನ ಹೊಟ್ಟೆಯಲ್ಲಿ ಚಿಕ್ಕ ಮೀನು ಇದ್ದದ್ದನ್ನು ನೆನೆದು, ನೀವೇ ಒಬ್ಬರನ್ನೊಬ್ಬರು ತಿನ್ನುವಾಗ ನಾನು ತಿಂದರೇನು ಎಂದು ತೀರ್ಮಾನಿಸಿ ಊಟಕ್ಕೆ ಕೂತ. ಆ ಗೆರೆಗಳೂ ಅಳಿಸಿಹೋದವು.

ಬಾಣಂತನಕ್ಕಲ್ಲದೆ ಬರೀ ನೋಡಿಕೊಂಡು ಹೋಗಲು ಬಂದಿದ್ದ ಅತ್ತೆಗೆ ಈ ಸಂಶೋಧನೆಯಲ್ಲಿ ಬಲು ಆಸಕ್ತಿ. ‘ಏನು ಉದ್ಯೋಗ ಇವನದು?’ ಎಂದರು.

‘ಪ್ರೆಸ್ ಇಟ್ಕೊಂಡಿದ್ದ ಅಜ್ಜಿ. ವರ್ಷ ವರ್ಷ ಪಂಚಾಂಗ ಹಾಕ್ತಿದ್ದ.’

‘ಪಂಚಾಂಗವಾ? ಹಾಗಾದ್ರೆ ಒಳ್ಳೆ ಮನೆತನವೇ.’

ಆ ಪಂಚಾಂಗದಲ್ಲಿ ಅವನು ತನ್ನ ಪ್ರತಿಸ್ಪರ್ಧಿ ಪಂಚಾಂಗದ ಟೈಟನ್ ಲೀಡ್ಸ್ 1733ರ ಅಕ್ಟೋಬರ್ 17ರಂದು ಸಾಯುತ್ತಾನೆ ಎಂದು ಭವಿಷ್ಯ ಬರೆದಿದ್ದ. ಆ ಮನುಷ್ಯ ಸಾಯದೆ ಉಳಿದು ಜಗಳಕ್ಕೆ ಬಂದಾಗ, ಸತ್ತವನ ಹೆಸರಲ್ಲಿ ಯಾರೋ ಬರೆಯುತ್ತಿದ್ದಾರೆ ಎಂದು ವಾದಿಸಿದ. ಇದನ್ನು ಕೇಳಿ ಅತ್ತೆ ಕಣ್ಣೀರು ಬರುವಷ್ಟು ನಕ್ಕರು. ‘ಇದನ್ನ ಹಾಕು ಮಗೂ, ಜನ ನಿಂತು ಕೇಳ್ತಾರೆ.’

‘ಮಕ್ಕಳೇನು ಮಾಡ್ಕೊಂಡಿದ್ರು?’ ಎಂಬ ಪ್ರಶ್ನೆ ಬರಲೇಬೇಕಿತ್ತು, ಬಂತು. ಮಗ ವಿಲಿಯಂ ಇದೇ ನ್ಯೂಜೆರ್ಸಿಗೆ ಬ್ರಿಟಿಷ್ ದೊರೆಯ ಕಡೆಯ ಗವರ್ನರ್. ಅಪ್ಪ ಸ್ವಾತಂತ್ರ್ಯದ ಕಡೆ, ಮಗ ದೊರೆಯ ಕಡೆ. ಇಬ್ಬರಿಗೂ ಮಾತು ಮುರಿಯಿತು. 1752ರ ಗಾಳಿಪಟದ ಪ್ರಯೋಗದಲ್ಲಿ ಅಪ್ಪನ ಜೊತೆ ನಿಂತಿದ್ದವನೂ ಇವನೇ ಎಂದು ಗೊತ್ತಾದದ್ದೇ ತಡ, ಅತ್ತೆ ತೀರ್ಪು ಕೊಟ್ಟರು: ‘ಗುಡುಗು ಸಿಡಿಲಲ್ಲಿ ಹೆತ್ತ ಮಗನನ್ನ ಹೊರಗೆ ನಿಲ್ಲಿಸಿದ್ರೆ ಇನ್ನೇನಾಗುತ್ತೆ?’ ಇತಿಹಾಸಕಾರರು ಬೇರೆ ಕಾರಣ ಕೊಡುತ್ತಾರೆ. ನನಗೆ ಅತ್ತೆಯದೇ ಸರಿ ಅನ್ನಿಸುತ್ತದೆ.

ವೇಷದ ವಿಚಾರ ಹೆಚ್ಚು ಹೇಳುವುದಿಲ್ಲ. ಪೈಜಾಮ ಮೊಣಕಾಲಿಗೆ ಮಡಚಿ, ನನ್ನ ಬಿಳಿ ಕಾಲುಚೀಲ ಎಳೆದು, ಮುಂದಲೆ ಬೋಳು ಕಾಣುವ ಟೋಪಿಗೆ ಹತ್ತಿಯ ಕೂದಲು ಅಂಟಿಸಿದ್ದಾಯಿತು. ಕನ್ನಡಕ ಅತ್ತೆಯದು, ಅಸಲಿ ಬೈಫೋಕಲ್. ಅದನ್ನು ಹಾಕಿಕೊಂಡ ಫ್ರಾಂಕ್ಲಿನ್ನನಿಗೆ ದಾರಿ ಕಾಣುತ್ತಿರಲಿಲ್ಲ, ಕೊಟ್ಟ ಅತ್ತೆಗೆ ಫ್ರಾಂಕ್ಲಿನ್ ಕಾಣುತ್ತಿರಲಿಲ್ಲ.

ಶಾಲೆಯ ಜಿಮ್ಮಿನಲ್ಲಿ ಗೋಡೆಯುದ್ದಕ್ಕೂ ಮಹಾಪುರುಷರು, ಮಹಾಸ್ತ್ರೀಯರು. ಒಬ್ಬ ಲಿಂಕನ್ ಮೂಗು ಕೆರೆದುಕೊಳ್ಳಲಾಗದೆ ಒದ್ದಾಡುತ್ತಿದ್ದ. ನಮ್ಮನೆಯವರು ಗುಂಡಿ ಒತ್ತಿದರು. ಮಗ ಸಲಾಕೆ, ಕನ್ನಡಕ, ಎರಡು ಸಹಿ ಎಲ್ಲವನ್ನೂ ಒಂದಕ್ಷರ ಬಿಡದೆ ಒಪ್ಪಿಸಿದ. ಇವರು ವಿಡಿಯೋ ಉಳಿಸಿಕೊಂಡು, ಎದೆಯುಬ್ಬಿಸಿ, ಮಾರಿ ಕ್ಯೂರಿಯ ಕಡೆ ನಡೆದರು.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಎಡಿಸನ್‌ಗಳ ಮುಂದೆ ಜನವೇ ಇಲ್ಲ. ಫ್ರಾಂಕ್ಲಿನ್ ಮುಂದೆ ಸಾಲು. ಒತ್ತಿದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾರೆ. ಹತ್ತಿರ ಹೋದರೆ ಓಡಿಹೋದದ್ದು, ಹುರಿದ ಮೀನು, ಬದುಕಿದ್ದ ಲೀಡ್ಸನನ್ನು ಸಾಯಿಸಿದ್ದು, ಕೊನೆಗೆ ಗಾಳಿಸ್ನಾನ. ಅಪ್ಪ ಒತ್ತಿದರೆ ಒಂದು ಭಾಷಣ, ಊರವರು ಒತ್ತಿದರೆ ಇನ್ನೊಂದು. ಫ್ರಾನ್ಸಿಗೆ ರಾಯಭಾರಿಯಾಗಿ ಹೋದವನ ಪಾತ್ರ ತಾನೇ.

ಅಷ್ಟರಲ್ಲಿ ಇವರು ಮಾರಿ ಕ್ಯೂರಿಯನ್ನು ಮುಗಿಸಿಕೊಂಡು ನಮ್ಮ ಕಡೆಗೇ ಬರುತ್ತಿದ್ದರು. ಸಾಲಿನ ತಲೆಯಲ್ಲಿದ್ದ ಅತ್ತೆ ಬೆರಳನ್ನು ಗುಂಡಿಯ ಮೇಲಿಂದ ಹಿಂದಕ್ಕೆ ತೆಗೆದು, ‘ತಡಿ ಮಗೂ, ನಿಮ್ಮಪ್ಪ ಬರ್ತಿದಾನೆ’ ಅಂದರು. ಗೊಂಬೆ ತುಟಿ ಅಲ್ಲಾಡಿಸದೆ ಕನ್ನಡದಲ್ಲಿ ಕೇಳಿತು: ‘ಎಲ್ಲಜ್ಜೀ? ನಂಗೇನೂ ಕಾಣ್ತಿಲ್ಲ!’